ಸೈಕಲ್ ಹ್ಯಾಂಡಲಿನ ಲಟ್ಟಣಿಗೆ

ಮೈಯಲ್ಲಿ ಕಾಯಂ ಒಂದು ಬೇನೆ ಇರುವುದು ಒಂದು ರೀತಿಯಲ್ಲಿ ಸರಕಾರಿ ನೌಕರಿ ಇದ್ದ ಹಾಗೆ. ಸುರುವಿನಲ್ಲಿ ಯಾರೂ ಅದನ್ನು ಕಾಯಂ ಎಂದು ಒಪ್ಪುವುದಿಲ್ಲ. ಇವತ್ತು ಬಂದದ್ದು ನಾಳೆ ಹೋದೀತು, ಚಳಿಗೆ ಬಂದದ್ದು ಬಿಸಿಲಿಗೆ ಇಳಿದೀತು ಎನ್ನುತ್ತಾರೆ. ಒಮ್ಮೆ ಕಾಯಂ ಆಯಿತೋ, ಆಮೇಲೆ ಯಾರಿಂದಲೂ ತೆಗೆಯಲಾಗುವುದಿಲ್ಲ. ದಿನಾ ಬೆಳಿಗ್ಗೆ ತಪ್ಪದೆ ಹಾಜರಿ ಹಾಕಬೇಕು. ವರ್ಷ ಕಳೆದಂತೆ ಬಡ್ತಿ ತಾನಾಗಿಯೇ ಸಿಗುತ್ತದೆ. ವ್ಯತ್ಯಾಸ ಇಷ್ಟೇ, ಇದಕ್ಕೆ ರವಿವಾರದ ಸೂಟಿ ಇಲ್ಲ, ವಯಸ್ಸಾಯಿತೆಂದು ಯಾರೂ ಹಾರ ಹಾಕಿ ಮನೆಗೆ ಕಳಿಸುವುದಿಲ್ಲ. ನನ್ನ ಕೈಬೆರಳುಗಳ ಗೆಣ್ಣುಗಳಲ್ಲಿ ಸಂಧಿವಾತ ಇಂಥ ನೌಕರಿ ಹಿಡಿದು ಬಹಳ ವರ್ಷಗಳಾದವು. ಅದರ ಕೆಲಸದಲ್ಲಿ ನಾನು ಒಂದು ದಿನವೂ ಕೊರತೆ ಕಂಡಿಲ್ಲ.

ಇದನ್ನು ಬರೆಯುತ್ತಿರುವವಳು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಥಣಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮವರು ಸೈಕಲ್ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ನಮಗೆ ಮಕ್ಕಳಿಲ್ಲ. ಅಂಗಡಿಯನ್ನು ಈಗ ಇಲ್ಲೇ ಹತ್ತಿರದ ಅನಂತಪುರದ ಒಬ್ಬರು ನಡೆಸುತ್ತಿದ್ದಾರೆ. ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಇದ್ದ ನಾಲ್ಕು ಮಾತನ್ನು ಅವರೊಬ್ಬರ ಮುಂದೆ ಆಡುತ್ತಿದ್ದೆ. ಈಗ ಆ ನಾಲ್ಕು ಮಾತನ್ನು ಎಲ್ಲಿ ಇಡಬೇಕೋ ತಿಳಿಯದೆ ಕಾಗದದ ಮೇಲೆ ಇಡುತ್ತಿದ್ದೇನೆ. ಪೆನ್ನು ಹಿಡಿದೆ ಎಂದು ಬರೆಯುವುದು ಬೇರೆಯವರಿಗೆ ಸುಲಭ. ನನಗೆ ಪೆನ್ನು ಹಿಡಿಯುವುದೇ ಒಂದು ಕೆಲಸ. ನನ್ನ ಪೆನ್ನಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಸುತ್ತಿ ಅದು ಬಾಳೆಕಾಯಿಯಷ್ಟು ದಪ್ಪ ಆಗಿದೆ. ಅದಕ್ಕೂ ಒಂದು ಕತೆ ಇದೆ.

ಬೇನೆ ಸುರುವಾದದ್ದು ಬೆಂಕಿಪೆಟ್ಟಿಗೆಯಿಂದ. ಎಂಬತ್ತರ ಸುಮಾರಿನ ಒಂದು ಚಳಿಗಾಲ. ಬೆಳಿಗ್ಗೆ ಎದ್ದು ಒಲೆ ಹೊತ್ತಿಸಲು ಹೋದರೆ ಕಡ್ಡಿ ಬೆರಳಲ್ಲಿ ನಿಲ್ಲಲಿಲ್ಲ. ಬೆರಳು ನನ್ನವು, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ. ರಾತ್ರಿ ಯಾರೋ ಬಂದು ಅವನ್ನು ಕಟ್ಟಿಗೆಯಿಂದ ಮಾಡಿ ಹೋದ ಹಾಗೆ. ಬಿಸಿಲು ಮಾಳಿಗೆಗೆ ಬರುವವರೆಗೆ ಹಾಗೆಯೇ ಇದ್ದವು, ಆಮೇಲೆ ಒಂದೊಂದಾಗಿ ಮನಸ್ಸು ಬದಲಿಸಿದವು. ಕುಪ್ಪಸದ ಗುಂಡಿ, ಡಬ್ಬಿಯ ಮುಚ್ಚಳ, ಹಿತ್ತಲ ಬಾಗಿಲಿನ ಚಿಲಕ, ಎಲ್ಲವೂ ಒಂದೇ ತಿಂಗಳಲ್ಲಿ ನನ್ನ ಮೇಲೆ ಸಿಟ್ಟಾದವು. ನಮ್ಮವರಿಗೆ ತೋರಿಸಿದೆ. ಅವರು ನನ್ನ ಬೆರಳನ್ನು ಹಿಡಿದು, ಸೈಕಲ್ಲಿನ ಪೆಡಲ್ ತಿರುಗಿಸಿ ಕಿವಿಗೊಡುತ್ತಾರಲ್ಲ, ಹಾಗೆ ಮೆಲ್ಲಗೆ ಮಡಚಿ ಬಿಡಿಸಿ ಕೇಳಿದರು. ಆಮೇಲೆ ಬಹಳ ಗಂಭೀರವಾಗಿ, ಬೇರಿಂಗ್ ಹೋಗ್ಯಾವ ಎಂದರು. ಅಂಗಡಿಗೆ ಹೋಗಿ ಗ್ರೀಸ್ ತರುವುದೊಂದು ಬಾಕಿ. ನನ್ನ ಪುಣ್ಯಕ್ಕೆ ಮನೆಯಲ್ಲಿ ಔಡಲ ಎಣ್ಣೆ ಇತ್ತು, ಅದನ್ನೇ ಬಿಸಿ ಮಾಡಿ ಹಚ್ಚಿದರು.

ಬೇನೆ ಬಂದ ಮನೆಗೆ ಮದ್ದು ಹೇಳುವವರು ಬರುವುದು ಗುಡಿಗೆ ಭಕ್ತರು ಬಂದ ಹಾಗೆ, ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಲು ಹೇಳಿದರು. ಒಬ್ಬರು ತಾಮ್ರದ ಕಡಗ ಹಾಕಿಸಿದರು. ಚಿಂಚಲಿಯ ಮಾಯಕ್ಕನ ಗುಡಿಯಿಂದ ಭಂಡಾರದ ಅರಿಸಿನ ತಂದು ಗೆಣ್ಣಿಗೆ ಒರೆಸಿದವರು ಇದ್ದಾರೆ. ಅದರಿಂದ ನೋವು ಇಳಿಯದಿದ್ದರೂ ಕೈ ಲಕ್ಷಣವಾಗಿ ಕಾಣಿಸಿತು. ಎಲ್ಲಕ್ಕಿಂತ ಕಷ್ಟದ ಮದ್ದು ಹೇಳಿದವರು ಪಕ್ಕದ ಮನೆಯ ಗೌರವ್ವ. ಬದನೆಕಾಯಿ ವಾಯು, ಅದನ್ನು ಬಿಡಬೇಕು ಎಂದರು. ನಮ್ಮ ಕಡೆ ಒಬ್ಬಳಿಗೆ ಬದನೆಕಾಯಿ ಬಿಡು ಎನ್ನುವುದು ಸಂಸಾರ ಬಿಡು ಎಂದ ಹಾಗೆ. ಬಿಟ್ಟೆ. ತುಂಬುಗಾಯಿ ಪಲ್ಲೆ ಮಾಡುವುದು, ನಮ್ಮವರಿಗೆ ನೀಡುವುದು, ಅವರು ತಿನ್ನುವುದನ್ನು ನೋಡುವುದು. ಹೀಗೆ ಎಂಟು ದಿನ ಕಳೆದ ಮೇಲೆ ಅವರೇ ಕೈ ತೊಳೆದುಕೊಂಡು ಎದ್ದು, ನೀ ಹಿಂಗ ನೋಡ್ತಿದ್ರ ನನಗ ವಾಯು ಆಗ್ತೇತಿ ಎಂದು, ಮರುದಿನವೇ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದರು.

ಅಥಣಿಯವರಿಗೆ ದೊಡ್ಡ ಬೇನೆ ಬಂದರೆ ಮಿರಜು. ಕಾಗವಾಡ ದಾಟಿದರೆ ರಾಜ್ಯ ಬದಲಾಗುತ್ತದೆ, ಮಾತು ಬದಲಾಗುತ್ತದೆ, ನೋವು ಮಾತ್ರ ಟಿಕೀಟು ತೆಗೆಸಿಕೊಂಡು ನಮ್ಮ ಜೊತೆಗೇ ಬರುತ್ತದೆ. ಅಲ್ಲಿಯ ಡಾಕ್ಟರು ವಯಸ್ಸಾದವರು, ನಿಧಾನಿ. ನನ್ನ ಕೈಗಳನ್ನು ಬಹಳ ಹೊತ್ತು ನೋಡಿ ಮರಾಠಿಯಲ್ಲಿ, ಹಾ ಆಜಾರ ಜಾಣಾರ ನಾಹೀ, ಪಣ ಸಾಂಭಾಳತಾ ಯೇತೋ ಎಂದರು. ಈ ಬೇನೆ ಹೋಗುವುದಿಲ್ಲ, ಆದರೆ ಸಂಭಾಳಿಸಬಹುದು. ನಮ್ಮವರು ನಡುವೆ ಬಾಯಿ ಹಾಕಿ ಬಾಲ್ ಬೇರಿಂಗ್ ಬದಲಿಸಲು ಬರುತ್ತದೆಯೇ ಎಂದು ಕೇಳಿದರು. ಡಾಕ್ಟರು ನಕ್ಕರು. ಗುಳಿಗೆ ಬರೆದುಕೊಟ್ಟರು, ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂಡಲು ಹೇಳಿದರು, ಬದನೆಕಾಯಿ ತಿನ್ನಲು ಅಪ್ಪಣೆ ಕೊಟ್ಟರು. ಕೊನೆಗೆ ಇನ್ನೊಂದು ಮಾತು ಹೇಳಿದರು. ಸಣ್ಣ ಹಿಡಿಕೆಯ ಸಾಮಾನು ಬಿಗಿಯಾಗಿ ಹಿಡಿದರೆ ಗೆಣ್ಣಿಗೆ ತ್ರಾಸ, ದಪ್ಪ ಹಿಡಿಕೆ ಇದ್ದರೆ ತ್ರಾಸ ಕಡಿಮೆ. ನಾನು ಬದನೆಕಾಯಿಯ ಸಂತೋಷದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮವರು ಕೇಳಿಸಿಕೊಂಡಿದ್ದು ಅದೊಂದನ್ನೇ.

ಮರುದಿನ ಮಧ್ಯಾಹ್ನ ನಾನು ಮಲಗಿ ಎದ್ದು ನೋಡುತ್ತೇನೆ, ಸಾರಿನ ಸೌಟಿಗೆ ಹಸಿರು ಬಣ್ಣದ ಹ್ಯಾಂಡಲ್ ಗ್ರಿಪ್ ಬಂದಿದೆ. ಸೈಕಲ್ ಹ್ಯಾಂಡಲಿನ ತುದಿಗೆ ಹಾಕುತ್ತಾರಲ್ಲ, ಆ ರಬ್ಬರಿನ ಹಿಡಿಕೆ. ಅದರ ಮರುದಿನ ಈಳಿಗೆ ಹೋಗಿ, ಕೆಂಪು ಗ್ರಿಪ್ಪಿನ ಚಾಕು ಬಂತು. ಹುಟ್ಟು, ಜಾರೆ, ಚಹಾ ಸೋಸುವ ಜರಡಿ, ಕಸಬರಿಗೆ, ನೀರೆತ್ತುವ ಮಗ್ಗಿನ ಕಿವಿ, ಎಲ್ಲಕ್ಕೂ ಗ್ರಿಪ್ ಬಂತು. ಒಂದು ವಾರ ಅಂಗಡಿಯಲ್ಲಿ ಹಸಿರು ಸಿಗಲಿಲ್ಲವೆಂದು, ಮದುವೆಯ ಸೈಕಲ್ಲಿಗೆ ಹಾಕುವ, ಬಣ್ಣದ ಎಳೆಗಳ ಝೂಲು ಇಳಿಬಿದ್ದ ಗ್ರಿಪ್ಪನ್ನು ಮಜ್ಜಿಗೆ ಕಡೆಗೋಲಿಗೆ ಹಾಕಿದರು. ಕಡೆಯುವಾಗ ಝೂಲು ಕುಣಿಯುತ್ತಿತ್ತು. ಬಾಗಿಲಿನ ಚಿಲಕಕ್ಕೆ ಬ್ರೇಕಿನ ಹಿಡಿಕೆ ಕೂಡಿಸಿದರು, ಮುಂಗೈಯಿಂದ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಡಬ್ಬಿಗಳ ಮುಚ್ಚಳಕ್ಕೆ ಟ್ಯೂಬಿನ ಪಟ್ಟಿ. ರಾಯಬಾಗದಿಂದ ಬಂದ ನಮ್ಮ ನೆಂಟರೊಬ್ಬರು ಅಡಿಗೆಮನೆ ನೋಡಿ, ಎಲ್ಲಾ ಛಲೋ ಐತಿ, ಬೆಲ್ ಎಲ್ಲಿ ಹಾಕೀರಿ ಎಂದು ಕೇಳಿದರು. ನಮ್ಮವರು ನಗಲಿಲ್ಲ. ಅವರು ಆ ಮಾತನ್ನು ಒಂದು ಸೂಚನೆ ಎಂದು ತೆಗೆದುಕೊಂಡರೋ ಏನೋ ಎಂದು ನಾನು ನಾಲ್ಕು ದಿನ ಹೆದರಿಕೊಂಡೇ ಇದ್ದೆ.

ಆದರೆ ರೊಟ್ಟಿಗೆ ಗ್ರಿಪ್ ಹಾಕಲು ಬರುವುದಿಲ್ಲ. ಜೋಳದ ರೊಟ್ಟಿ ಬಡಿಯುವುದು ಅಂಗೈ ಮತ್ತು ಬೆರಳುಗಳ ಕೆಲಸ. ಬಿಸಿನೀರು ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಅಗಲ ಹರಿವಾಣದಂಥ ಪರಾತದಲ್ಲಿ ಇಟ್ಟು, ಬೆರಳು ಅಗಲಿಸಿ ತಿರುಗಿಸುತ್ತ ತಿರುಗಿಸುತ್ತ ಬಡಿಯಬೇಕು. ಆ ಸಪ್ಪಳ ನಾಲ್ಕು ಮನೆಗೆ ಕೇಳಿಸುತ್ತದೆ, ಕೇಳಿಸಬೇಕು. ನಮ್ಮ ಓಣಿಯಲ್ಲಿ ಯಾವ ಮನೆಯಲ್ಲಿ ಸೊಸೆ ಬಂದಳು, ಯಾರು ತವರಿಗೆ ಹೋದರು, ಯಾರ ಮನೆಯಲ್ಲಿ ನೆಂಟರು ಇಳಿದಿದ್ದಾರೆ, ಯಾರಿಗೆ ಗಂಡನ ಮೇಲೆ ಸಿಟ್ಟು ಬಂದಿದೆ, ಎಲ್ಲ ಪರಾತದ ಸಪ್ಪಳದಿಂದಲೇ ತಿಳಿಯುತ್ತಿತ್ತು. ಹಾಗಾಗಿ ನಮ್ಮ ಮನೆಯ ಪರಾತ ಸುಮ್ಮನಾದಾಗ ಗೌರವ್ವ ಗೋಡೆಯ ಮೇಲಿನಿಂದ ಇಣುಕಿದ್ದು ಸಹಜ. ಅವತ್ತು ಅಡಿಗೆಮನೆಯ ಕದ ಒಳಗಿನಿಂದ ಹಾಕಿಕೊಂಡು ನಮ್ಮವರು ಪರಾತದ ಮುಂದೆ ಕೂತರು. ಗಂಡಸು ರೊಟ್ಟಿ ಬಡಿಯುತ್ತಾನೆ ಎಂದು ಗೊತ್ತಾದರೆ ಅಂಗಡಿಯ ಮುಂದೆ ಕೂಡುವ ಜನ ಬಿಡುತ್ತಾರೆಯೇ? ಕದವೇನೋ ಹಾಕಿದರು, ಸಪ್ಪಳಕ್ಕೆ ಕದ ಎಲ್ಲಿಯದು? ಬಾಗಿದ ಮಡ್‌ಗಾರ್ಡನ್ನು ಬಡಿದು ನೆಟ್ಟಗೆ ಮಾಡುವ ಕೈ ಅದು. ಹೆಂಗಸರು ಬಡಿಯುವ ಲಯವೇ ಬೇರೆ, ಅವರದೇ ಬೇರೆ. ಮೂರು ದಿನದಲ್ಲಿ ಇಡೀ ಓಣಿಗೆ ಗೊತ್ತಾಯಿತು. ಗೌರವ್ವ ನನ್ನ ಮುಂದೆ, ವೈನೀ, ನಿಮ್ಮ ಮನ್ಯಾಗ ದಿನಾ ಎರಡು ಹೊತ್ತು ಸೈಕಲ್ ರಿಪೇರಿ ನಡದೈತಲ್ಲಾ ಎಂದರು. ಆಮೇಲೆ ಕದ ಹಾಕುವ ಕೆಲಸವೂ ತಪ್ಪಿತು.

ಅವರ ರೊಟ್ಟಿ ನನ್ನ ರೊಟ್ಟಿಗಿಂತ ಗುಂಡಗೆ ಬರುತ್ತಿತ್ತು ಎಂಬುದನ್ನು ಈಗ ಹೇಳಬಹುದು. ಅವರಿದ್ದಾಗ ಹೇಳಿರಲಿಲ್ಲ. ಗಾಲಿ ಸೊಟ್ಟಾದರೆ ಔಟ್ ತೆಗೆದು ನೆಟ್ಟಗೆ ಮಾಡುವ ಕಣ್ಣು, ರೊಟ್ಟಿಯ ಅಂಚು ಎಲ್ಲಿ ಒಂದು ಎಳೆ ಹೊರಗೆ ಹೋಗಿದೆ ಎಂದು ಅವರಿಗೆ ತಟ್ಟನೆ ತಿಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಹಂಚು ನೋಡಿಕೊಳ್ಳುತ್ತಿದ್ದೆ, ಜೊತೆಗೆ ತಪ್ಪು ಹುಡುಕುತ್ತಿದ್ದೆ. ವರ್ಷಗಳು ಹಾಗೆಯೇ ಹೋದವು. ಕಟ್ಟಿಗೆ ಒಲೆ ಹೋಗಿ ಸ್ಟೋವು ಬಂತು, ಸ್ಟೋವು ಹೋಗಿ ಗ್ಯಾಸು ಬಂತು, ಗ್ಯಾಸಿನ ಕಿವಿಗೂ ಗ್ರಿಪ್ ಬಂತು. ಒಂದು ಸಲ ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ಅವರಿಗೆ ಮಧ್ಯಾಹ್ನ ಮನೆಗೆ ಬರಲಾಗಲಿಲ್ಲ. ಅವತ್ತು ಸಂಜೆ ಒಂದು ಲಟ್ಟಣಿಗೆ ತಂದು ನನ್ನ ಮುಂದೆ ಇಟ್ಟರು. ಎರಡೂ ತುದಿಗೆ ಕಪ್ಪು ಗ್ರಿಪ್ ಹಾಕಿದ್ದರು. ನೋಡಿದರೆ ಥೇಟ್ ಸೈಕಲ್ ಹ್ಯಾಂಡಲ್. ನಾನಿಲ್ಲದಾಗ ಇದರಿಂದ ಲಟ್ಟಿಸಿಕೋ ಎಂದರು. ನನಗೆ ಬಹಳ ಸಿಟ್ಟು ಬಂತು. ಲಟ್ಟಿಸುವುದು ಚಪಾತಿಯನ್ನು. ಜೋಳದ ಹಿಟ್ಟನ್ನು ಲಟ್ಟಿಸುವವರನ್ನು ನಮ್ಮ ಅವ್ವ ಅಡಿಗೆ ಬಾರದವರ ಸಾಲಿಗೆ ಸೇರಿಸುತ್ತಿದ್ದಳು. ನಾನು ಆ ಲಟ್ಟಣಿಗೆಯನ್ನು ಅಟ್ಟದ ಮೇಲೆ ಹಾಕಿ, ಹಸಿವೆಯಾದರೆ ಅವಲಕ್ಕಿ ತಿನ್ನುತ್ತೇನೆ ಎಂದೆ. ಅವರು ಮರುದಿನದಿಂದ ಅಂಗಡಿಗೆ ಹೋಗುವ ಮೊದಲೇ ಎರಡೂ ಹೊತ್ತಿನ ರೊಟ್ಟಿ ಬಡಿದಿಟ್ಟು ಹೋಗತೊಡಗಿದರು.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಒಂದು ಮುಂಜಾನೆ ಅವರಿಗೆ ಎದೆ ನೋವು ಕಾಣಿಸಿತು. ಮಿರಜಿಗೆ ಹೊರಟೆವು. ನನ್ನ ಬೆರಳ ಸಲುವಾಗಿ ಎಷ್ಟು ಸಲ ಹೋಗಿ ಬಂದ ದಾರಿ. ಅವರ ಸಲುವಾಗಿ ಒಂದು ಸಲವೂ ಪೂರ್ತಿ ಮುಗಿಯಲಿಲ್ಲ. ಕಾಗವಾಡ ಇನ್ನೂ ಮುಂದಿತ್ತು.

ಆಮೇಲಿನ ದಿನಗಳಲ್ಲಿ ಓಣಿಯವರು ರೊಟ್ಟಿ ತಂದು ಕೊಟ್ಟರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಊರು ಉಣ್ಣಿಸುತ್ತದೆ. ತೆಲಸಂಗದ ಕುರಿ ಕಾಯುವ ಅಜ್ಜನೊಬ್ಬ ಅಂಗಡಿಯ ಹಳೆಯ ಗಿರಾಕಿ. ಅವನು ಬಂದು ಕೂತು, ಹೋಗುವಾಗ ಕರೀ ಕಂಬಳಿಯ ಎರಡು ತುಂಡು ಇಟ್ಟು, ಮುಂಗೈಗೆ ಸುತ್ತಿಕೋ ತಾಯಿ, ಥಂಡಿ ಐತಿ ಎಂದು ಹೇಳಿ ಹೋದ. ನಾನು ಅವತ್ತು ಅತ್ತದ್ದು ಅದಕ್ಕೇ. ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೂ ಗೌರವ್ವನ ಮನೆಯ ರೊಟ್ಟಿ ಗೋಡೆಯ ಮೇಲಿನಿಂದ ಬರುತ್ತಲೇ ಇತ್ತು. ಬೇಡ ಎಂದರೆ ಕೇಳುವವರಲ್ಲ. ನಾನು ಅನ್ನ ಮಾಡಿಕೊಳ್ಳುತ್ತೇನೆ ಎಂದರೆ, ಬರೇ ಅನ್ನ ಉಣ್ಣಾಕ ಜ್ವರಾ ಬಂದಾವೇನ ನಿಮಗ ಎನ್ನುತ್ತಿದ್ದರು.

ಹೀಗೆ ತಿಂಗಳುಗಳು ಕಳೆದು ಚಳಿ ಸುರುವಾಗುವ ಹೊತ್ತಿಗೆ ನನ್ನ ತಮ್ಮ ಬಾಳು ನಿಪ್ಪಾಣಿಯಿಂದ ಬಂದ. ಅವನು ಅಲ್ಲಿ ತಂಬಾಕು ತುಂಬಿಡುವ ವಖಾರಿಯಲ್ಲಿ ಲೆಕ್ಕ ಬರೆಯುವ ಮುನೀಮ. ಒಳ್ಳೆಯವನು, ಆದರೆ ಯಾರ ಒಳ್ಳೆಯದನ್ನಾದರೂ ಅವರನ್ನು ಕೇಳದೆ ನಿರ್ಧರಿಸಿಬಿಡುವವನು. ಬಂದವನೇ ನನ್ನ ಟ್ರಂಕು ಎಲ್ಲಿದೆ ಎಂದು ಕೇಳಿದ. ನಿಪ್ಪಾಣಿಯ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಟೀವಿ ಇದೆ, ಅವನ ಹೆಂಡತಿ ನನ್ನನ್ನು ಕಣ್ಣಲ್ಲಿ ಇಟ್ಟುಕೊಳ್ಳುತ್ತಾಳೆ. ಎಲ್ಲ ನಿಜ. ಆ ಮನೆಯಲ್ಲಿ ನನಗೆ ಯಾವ ಕೊರತೆಯೂ ಆಗುವುದಿಲ್ಲ. ಆದರೆ ಅಲ್ಲಿಯ ಸೌಟು ಸಣ್ಣದು. ಅಲ್ಲಿಯ ಚಿಲಕ ಬಿಗಿ. ಅಲ್ಲಿ ನಾನು ಬಾಗಿಲು ತೆರೆಯಲು ಒಬ್ಬರನ್ನು, ಡಬ್ಬಿ ತೆರೆಯಲು ಒಬ್ಬರನ್ನು ಕರೆಯುತ್ತ, ದಿನವೆಲ್ಲ ಥ್ಯಾಂಕ್ಸ್ ಹೇಳುತ್ತ ಕೂಡಬೇಕು. ಇಲ್ಲಿ ಮನೆಯ ಒಂದೊಂದು ಸಾಮಾನೂ ನನ್ನ ಕೈಯ ಅಳತೆಗೆ ನಿಂತಿದೆ. ಇದನ್ನು ಬಿಟ್ಟು ಹೋದರೆ ನನ್ನ ಕೈಗಳನ್ನೇ ಇಲ್ಲಿ ಬಿಟ್ಟು ಹೋದ ಹಾಗೆ. ಇಷ್ಟನ್ನೆಲ್ಲ ಅವನಿಗೆ ಹೇಳಬೇಕಿತ್ತು. ನನಗೆ ಹೇಳಲು ಬಂದದ್ದು, ನಾ ಒಲ್ಲೆ ಎಂಬುದೊಂದೇ.

ಬಾಳು ಕೋರ್ಟಿನವರ ಹಾಗೆ ವಾದ ಹಾಕಿದ. ಕೊನೆಗೆ ಒಂದು ಷರತ್ತಿಗೆ ಬಂದು ನಿಂತ.

"ಅಕ್ಕಾ, ಮಂದಿ ಗೋಡಿ ಮ್ಯಾಲಿಂದ ಕೊಟ್ಟದ್ದ ತಿಂದು ಎಷ್ಟ ದಿನಾ ಇರ್ತಿ? ನಾ ಬರೋ ತಿಂಗಳ ಮತ್ತ ಬರ್ತೇನಿ. ನಿನ್ನ ಕೈಲೇ ನನಗ ರೊಟ್ಟಿ ಊಟಾ ಹಾಕು. ಹಾಕಿದಿ, ಇಲ್ಲೇ ಇರು, ನಾ ಬಾಯಿ ಬಿಡಂಗಿಲ್ಲ. ಇಲ್ಲಂದ್ರ ಟ್ರಂಕ್ ತಗೊಂಡು ನನ್ನ ಜೋಡಿ ನಡಿ."

ನಾನು ಹೂಂ ಎಂದೆ. ಮದುವೆಯಲ್ಲಿ ಕೂಡ ನಾನು ಇಷ್ಟು ಯೋಚನೆ ಮಾಡದೆ ಹೂಂ ಅಂದಿರಲಿಲ್ಲ.

ಮರುದಿನದಿಂದ ತಾಲೀಮು ಸುರುವಾಯಿತು. ಬೆಳಿಗ್ಗೆ ಬೋಗುಣಿಯ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂಡುವುದು, ಕಂಬಳಿಯ ತುಂಡು ಸುತ್ತಿಕೊಂಡು ಬಿಸಿಲಿಗೆ ಕೂಡುವುದು, ಬೆರಳುಗಳಿಗೆ ಮನಸ್ಸು ಬಂದಾಗ ಪರಾತದ ಮುಂದೆ ಕೂಡುವುದು. ಹಿಟ್ಟು ನಾದುವುದು ಅಂಗೈ ಬುಡದಿಂದ ಆಗುತ್ತಿತ್ತು. ಬಡಿಯಲು ಹೋದರೆ ಬೆರಳು ಅಗಲವಾಗುತ್ತಿರಲಿಲ್ಲ, ಕೋಳಿಯ ಕಾಲಿನ ಹಾಗೆ ಒಂದೇ ಕಡೆ ಬಾಗಿ ಹಿಟ್ಟಿನಲ್ಲಿ ನಾಟುತ್ತಿದ್ದವು, ಸಪ್ಪಳವೇ ಬರುತ್ತಿರಲಿಲ್ಲ. ನಾನು ಬಡಿದ ಮೊದಲನೇ ರೊಟ್ಟಿ ನಕಾಶೆಯಲ್ಲಿಯ ಬೆಳಗಾವಿ ಜಿಲ್ಲೆಯ ಹಾಗೆ ಇತ್ತು. ಎರಡನೆಯದು ಎತ್ತುವಾಗ ಎರಡು ತಾಲೂಕಾಗಿ ಒಡೆಯಿತು. ಹರಿದದ್ದನ್ನೆಲ್ಲ ಬೇಯಿಸಿ ಮಜ್ಜಿಗೆಯಲ್ಲಿ ನೆನೆಸಿ ತಿಂದೆ. ಗೌರವ್ವ ನೋಡಬಾರದೆಂದು ಹಿತ್ತಲಿನ ಕದ ಹಾಕಿಕೊಳ್ಳುತ್ತಿದ್ದೆ. ನನಗೆ ನಮ್ಮವರ ಮೊದಲ ದಿನ ನೆನಪಾಗಿ ನಗು ಬಂತು. ನಗುತ್ತ ನಗುತ್ತ ಅದು ಬೇರೆಯೇ ಏನೋ ಆಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಹಿಟ್ಟಿನ ಕೈ, ಮುಖವೆಲ್ಲ ಜೋಳ.

ಬಾಳು ಬರುವ ದಿನ ಹತ್ತಿರ ಬಂತು. ನನ್ನ ಬೆರಳುಗಳು ತಾಲೀಮಿನಿಂದ ಸುಧಾರಿಸುವುದು ಬಿಟ್ಟು ಊದಿಕೊಂಡು ಕೂತವು. ಆಗ ಸ್ಟೂಲು ಹತ್ತಿ ಅಟ್ಟದ ಮೇಲಿನ ಲಟ್ಟಣಿಗೆ ಇಳಿಸಿದೆ. ಧೂಳು ಒರೆಸಿ ಎರಡೂ ಕಡೆ ಹಿಡಿದು ನೋಡಿದೆ. ಗ್ರಿಪ್ಪಿನಲ್ಲಿ ಬೆರಳು ಕೂಡಲು ಇರುವ ತಗ್ಗುಗಳು ಅಂಗಡಿಯಲ್ಲಿ ಬರುವ ಹಾಗೆ ನೆಟ್ಟಗೆ ಇರಲಿಲ್ಲ. ಚಾಕುವಿನಿಂದ ಕೆತ್ತಿ ಓರೆ ಮಾಡಿದ್ದರು. ಎಡಗಡೆಯದು ಬೇರೆ ಓರೆ, ಬಲಗಡೆಯದು ಬೇರೆ ಓರೆ. ನನ್ನ ಬಾಗಿದ ಬೆರಳುಗಳು ಒಂದೊಂದೂ ತನ್ನ ತನ್ನ ತಗ್ಗಿನಲ್ಲಿ ಹೋಗಿ ಕೂತವು. ಇದರ ಅಳತೆ ಅವರು ಯಾವಾಗ ತೆಗೆದುಕೊಂಡರು? ಎಣ್ಣೆ ಹಚ್ಚುವಾಗ ಇರಬೇಕು. ನಾನು ಒಂದು ಸಲ ಹಿಡಿದು ನೋಡಿದ್ದರೆ ತಿಳಿಯುತ್ತಿತ್ತು. ಹಿಡಿದು ನೋಡಿರಲಿಲ್ಲ. ಮಣೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ಹ್ಯಾಂಡಲ್ ಹಿಡಿದುಕೊಂಡು ಕೂತೆ. ಆಮೇಲೆ ಮುಂದಕ್ಕೆ ತಳ್ಳಿದೆ, ಹಿಟ್ಟು ಹರಡಿಕೊಂಡಿತು.

ಬಾಳು ಬಂದ ದಿನ ಚಳಿ ಜೋರಾಗಿತ್ತು. ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಹೂಂ ನಡೀಲಿ ಎಂದು ಗೋಡೆಗೆ ಒರಗಿದ. ಒಳಗೆ ಹೋಗಿ ಹಿಟ್ಟು ಕಲಸಿದ ಮೇಲೆ ನನಗೆ ಹೊಳೆಯಿತು, ಲಟ್ಟಿಸಿದರೆ ಸಪ್ಪಳ ಬರುವುದಿಲ್ಲ. ಬಾಳು ನಮ್ಮ ಅವ್ವನ ಮಗ. ಪರಾತದ ಸಪ್ಪಳ ಕೇಳಿಸದಿದ್ದರೆ ಅದು ರೊಟ್ಟಿ ಎಂದು ಒಪ್ಪುವವನಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದಳು ಎಂದುಬಿಡುತ್ತಾನೆ. ನಾನು ಒಂದು ಉಪಾಯ ಮಾಡಿದೆ. ರೊಟ್ಟಿಯನ್ನು ಸಪ್ಪಳವಾಗದಂತೆ ಲಟ್ಟಿಸಿ ಹಂಚಿಗೆ ಹಾಕಿದೆ. ಅದು ಬೇಯುವಷ್ಟು ಹೊತ್ತು ಪರಾತವನ್ನು ಬೋರಲಾಗಿ ಡಬ್ಬು ಹಾಕಿ ಅಂಗೈ ಬುಡದಿಂದ ಬಡಿದೆ. ನೋವು ಬೆರಳಲ್ಲಿ, ಅಂಗೈ ಗಟ್ಟಿ ಇತ್ತು. ಸಪ್ಪಳ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನನ್ನ ಮೇಲೆ ಅಭಿಮಾನ ಬಂತು. ಇನ್ನೊಂದು ಲಟ್ಟಿಸುವುದು, ಹಂಚಿಗೆ ಹಾಕುವುದು, ಬರೇ ಪರಾತ ಬಡಿಯುವುದು. ಕೈಗೆ ಹಳೆಯ ಲಯ ಬಂತು. ತೆರೆದಿದ್ದ ಹಿತ್ತಲ ಬಾಗಿಲಿನಾಚೆ, ಗೋಡೆಯ ಮೇಲೆ ಗೌರವ್ವನ ಮುಖ ಕಾಣಿಸಿತು. ಸುಮಾರು ವರ್ಷದ ಮೇಲೆ ನಮ್ಮ ಮನೆಯ ಪರಾತ ಮಾತಾಡಿದ್ದು ಕೇಳಿ ಓಡಿ ಬಂದಿದ್ದರು, ಕೈ ಇನ್ನೂ ಒದ್ದೆ ಇತ್ತು. ಏನೋ ಹೇಳಲು ಬಾಯಿ ತೆರೆದವರು, ಡಬ್ಬು ಬಿದ್ದ ಪರಾತ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು.

ನಾನು ಅವರಿಗೆ ಕಣ್ಣು ಮಾಡುತ್ತಿರುವಾಗ ಹಿಂದೆ ಬಾಳು ಬಂದು ನಿಂತಿದ್ದ. ನೀರು ಕುಡಿಯಲು ಬಂದವನು.

"ಅಕ್ಕಾ, ಏನ ಮಾಡಾಕತ್ತಿ?"

"ಕಾಣಸವೊಲ್ದೇನ? ರೊಟ್ಟಿ ಬಡ್ಯಾಕತ್ತೇನಿ."

"ರೊಟ್ಟಿ ಹಂಚಿನ ಮ್ಯಾಲ ಐತಿ. ನೀ ಬರೇ ಪರಾತಾ ಬಡ್ಯಾಕತ್ತಿ."

ಗೋಡೆಯ ಮೇಲಿನಿಂದ ಗೌರವ್ವ, "ಬಡೀಲಿ ಬಿಡ್ರಿ ಅಣ್ಣಾರ, ಪರಾತಾನೂ ಒಂದೀಟ ಮೆತ್ತಗಾಗಲಿ" ಎಂದರು.

ನನ್ನ ಕಿವಿ ಬಿಸಿಯಾದವು. ಹಂಚಿನ ಮೇಲೆ ರೊಟ್ಟಿ ಉಬ್ಬಿ, ಉಬ್ಬಿದ್ದು ಸೀಯಲು ಸುರುವಾಗಿ, ಅದನ್ನು ತಿರುವುವುದೂ ಮರೆತು ಕೂತೆ. ಬಾಳು ಬಾಗಿ ಲಟ್ಟಣಿಗೆಯನ್ನು ಎತ್ತಿಕೊಂಡ. ಎರಡೂ ಗ್ರಿಪ್ ಹಿಡಿದು ನೋಡಿದ, ಅವನ ನೆಟ್ಟಗಿನ ಬೆರಳುಗಳು ಆ ತಗ್ಗುಗಳಲ್ಲಿ ಕೂಡಲಿಲ್ಲ. ಮತ್ತೆ ಹಿಡಿದ, ಮತ್ತೆ ಕೂಡಲಿಲ್ಲ. ನನ್ನ ಕೈ ನೋಡಿದ. ನಿಪ್ಪಾಣಿಯ ಕಡೆ ಅಕ್ಕನ ಗಂಡನಿಗೆ ಮರಾಠಿಯವರ ಹಾಗೆ ದಾಜಿ ಎನ್ನುತ್ತಾರೆ. ಕೆತ್ತಿದ ತಗ್ಗಿನ ಮೇಲೆ ಬೆರಳಾಡಿಸಿ, "ದಾಜಿ ಮಾಡಿದ್ದೇನ ಇದು?" ಎಂದು ಕೇಳಿದ. ನಾನು ತಲೆಯಾಡಿಸಿದೆ. ಅವನು ಅದನ್ನು ನನ್ನ ಕೈಗೆ ಕೊಟ್ಟು, ಅಲ್ಲಿಯೇ ನೆಲದ ಮೇಲೆ ಕೂತು, ತಾಟು ಎಳೆದುಕೊಂಡ.

"ಹಂಚಿನ ಮ್ಯಾಲಿಂದು ಸೀದು ಹೊಂಟೈತಿ ನೋಡು. ಇನ್ನೊಂದ ಲಟ್ಟಸು. ಹಸದೇನಿ."

ಬಾಳು ಎಷ್ಟು ತಿಂದ ಎಂದು ಎಣಿಸಲಿಲ್ಲ, ಎಣಿಸಿದರೆ ದೃಷ್ಟಿಯಾದೀತು. ಸೀದದ್ದನ್ನೂ ಬಿಡಲಿಲ್ಲ. ಬದನೆಕಾಯಿ ಪಲ್ಲೆ ಎರಡು ಸಲ ಹಾಕಿಸಿಕೊಂಡ. ಊಟ ಮುಗಿದು ತಾಟಿನಲ್ಲಿ ಕೈ ತೊಳೆದ ಮೇಲೂ ಏಳಲಿಲ್ಲ. ಗೋಡೆ ನೋಡುತ್ತ ಕೂತ. ಪಾಸೋ ಫೇಲೋ ಹೇಳಬಾರದೇ? ನಾನು ಟ್ರಂಕು ಇದ್ದ ಮೂಲೆಯ ಕಡೆ ನೋಡಲಿಲ್ಲ, ನೋಡಿದರೆ ಅವನಿಗೆ ನೆನಪಾದೀತು ಎಂದು. ಕೊನೆಗೆ ಬಾಳು ನೆಲಕ್ಕೆ ಕೈಯೂರಿ ಒಮ್ಮೆ ಮೇಲೆದ್ದ ಹಾಗೆ ಮಾಡಿ ಮತ್ತೆ ಕೂತ. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಹೇಳಿದ.

"ಅಕ್ಕಾ, ಒಂಚೂರ ಕೈ ಕೊಡು. ಮೊಣಕಾಲ ಹಿಡದಾವ."

ನನಗೆ ಕೂಡಲೇ ತಿಳಿಯಲಿಲ್ಲ. ಕೈ ಕೊಡಲು ಹೋದೆ, ಯಾವ ಕೈ ಕೊಡುವುದು? ಬೆರಳು ಹಿಡಿದು ಎಳೆದರೆ ಬೆರಳೇ ಅವನ ಕೈಯಲ್ಲಿ ಉಳಿದಾವು. ಮೊಣಕೈ ಕೊಟ್ಟೆ. ಅವನು ಅದಕ್ಕೆ ಜೋತುಬಿದ್ದ. ಅವನು ಮೇಲೆ ಬರುವ ಬದಲು ನಾನು ಕೆಳಗೆ ಹೋಗತೊಡಗಿದೆ. ಗೌರವ್ವ ಗೋಡೆ ಸುತ್ತಿ ಬಂದು ಇಬ್ಬರನ್ನೂ ಹಿಡಿಯದಿದ್ದರೆ ಅವತ್ತು ಇಬ್ಬರೂ ಪರಾತದಲ್ಲಿ ಇರುತ್ತಿದ್ದೆವು. ಎದ್ದು ನಿಂತು, ಗೌರವ್ವ ನಗುತ್ತ ಹೋದ ಮೇಲೆ, ಬಾಳು ಬಾಯಿ ಬಿಟ್ಟ. ವಖಾರಿಯಲ್ಲಿ ಇಡೀ ದಿನ ಚಕ್ಕಳಮಕ್ಕಳ ಹಾಕಿ ಕೂತು ಕೂತು ವರ್ಷದಿಂದ ಎರಡೂ ಮೊಣಕಾಲು ಹಿಡಿದಿವೆಯಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಹೆಂಡತಿ ಹೆದರುತ್ತಾಳೆ, ಮಾಲಕರು ವಯಸ್ಸಾಯಿತು ಎನ್ನುತ್ತಾರೆ. ನನ್ನನ್ನು ನಿಪ್ಪಾಣಿಗೆ ಕರೆದದ್ದು ನನ್ನ ರೊಟ್ಟಿಯ ಕಾಳಜಿಗಲ್ಲ, ಅಥವಾ ಅದೊಂದಕ್ಕೇ ಅಲ್ಲ. ಮನೆಯಲ್ಲಿ ನೋವು ತಿಳಿದವರು ಒಬ್ಬರು ಇದ್ದರೆ ಬೆಳಿಗ್ಗೆ ಎದ್ದು ಅವರ ಮುಂದೆ ಅಯ್ಯೋ ಎನ್ನಬಹುದು ಎಂದು.

"ನೀ ಇಲ್ಲೇ ಇರು ಅಕ್ಕಾ. ನಾ ಮಾತ ಕೊಟ್ಟೇನಿ, ಮುಗೀತು. ತಿಂಗಳಿಗೊಮ್ಮೆ ನಾನ ಬರ್ತೇನಿ" ಎಂದ.

ನಾನು ಗೆದ್ದಿದ್ದೆ. ಮನೆ ಉಳಿಯಿತು, ಸೌಟು ಉಳಿಯಿತು, ಚಿಲಕ ಉಳಿಯಿತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಬಾಳು ಧೋತರ ಮೇಲೆತ್ತಿ ಮೊಣಕಾಲು ತೋರಿಸಿ, ಇಷ್ಟು ಬಾವು ನೀ ಎಲ್ಯಾರ ನೋಡೀ ಏನ ಎಂದು ಕೇಳಿದ. ನನಗೆ ಅದು ಸೇರಲಿಲ್ಲ. ನಮ್ಮ ತವರಿನಲ್ಲಿ ಬೇನೆಯೆಂದರೆ ಇಷ್ಟು ವರ್ಷ ನನ್ನದೇ. ನಾನು ಎಂಬತ್ತರ ಚಳಿಯಿಂದ ಹಿಡಿದು ಹೇಳಿದೆ. ಅವನು ವಖಾರಿಯ ಮೆಟ್ಟಿಲ ಕತೆ ಹೇಳಿದ. ನಾನು ಎಲ್ಲಕ್ಕಿಂತ ಸೊಟ್ಟಗಿರುವ ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದೆ. ಅವನು ಮೊಣಕಾಲು ಮಡಚಿ ಅದರ ಕಟಕಟ ಸಪ್ಪಳ ಕೇಳಿಸಿದ. ಒಂದು ವರ್ಷದಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ. ವಾದದಲ್ಲಿ ನಾನೇ ಗೆದ್ದೆ, ನನ್ನ ನೋವೇ ದೊಡ್ಡದು ಎಂದು ಅವನು ಕೊನೆಗೆ ಒಪ್ಪಿದ. ಅಷ್ಟರಲ್ಲಿ ಚಿಕ್ಕೋಡಿಯ ಮೇಲೆ ನಿಪ್ಪಾಣಿಗೆ ಹೋಗುವ ಕೊನೆಯ ಬಸ್ಸು ಹೋಗಿತ್ತು.

ಬಸ್ಸು ಹೋದರೆ ಬಾಳು ರಾತ್ರಿ ನಮ್ಮಲ್ಲೇ ವಸ್ತಿ, ವಸ್ತಿ ಎಂದರೆ ಸಂಜೆಗೆ ಮತ್ತೆ ರೊಟ್ಟಿ. ಹಿಟ್ಟು ಕಲಸಲು ಕೂತೆ. ಬೆರಳುಗಳು ಒಂದೊಂದಾಗಿ ನೋಯತೊಡಗಿದ್ದವು. ಪಡಸಾಲೆಯಿಂದ ಬಾಳು, ಅಕ್ಕಾ, ಕೈ ನೋಯಾಕತ್ತಾವೇನ ಎಂದು ಕೂಗಿ ಕೇಳಿದ. ಮಧ್ಯಾಹ್ನವೆಲ್ಲ ನನ್ನಷ್ಟು ನೋವು ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲವೆಂದು ಸಾಧಿಸಿ ತೋರಿಸಿದ್ದವಳು, ಟ್ರಂಕಿನ ನೆನಪಾಗಿ, ಏನೂ ಇಲ್ಲಪಾ, ಹೂ ಇದ್ದಂಗ ಅದಾವ ಎಂದು ಹಲ್ಲು ಕಚ್ಚಿಕೊಂಡು ಲಟ್ಟಿಸಿದೆ.